ಮತ್ತೆ ಮತ್ತೆ ಉರಿಯೂತ ಬರುವ ಕಣ್ಣಿಗೆ ಗ್ಲಾಕೋಮಾ ಆಪರೇಷನ್: ಮೊದಲು ಕಣ್ಣು ತಣ್ಣಗಾಗಲಿ

ಕಣ್ಣು ಕೆಂಪಾಗುತ್ತದೆ. ನೋಯುತ್ತದೆ. ಬೆಳಕಿನ ಕಡೆ ನೋಡಲಾಗುವುದಿಲ್ಲ. ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಕೆಲವು ವಾರದಲ್ಲಿ ಇಳಿಯುತ್ತದೆ. ಒಂದಷ್ಟು ತಿಂಗಳು ಸುಮ್ಮನಿದ್ದು ಮತ್ತೆ ಬರುತ್ತದೆ. ಹೀಗೆ ನಾಲ್ಕಾರು ಸಲ ಆದಮೇಲೆ ಒಂದು ದಿನ ಡಾಕ್ಟರು, "ಕಣ್ಣಿನ ಪ್ರೆಶರ್ ಜಾಸ್ತಿ ಆಗಿದೆ, ನರಕ್ಕೆ ಪೆಟ್ಟು ಬೀಳ್ತಿದೆ, ಆಪರೇಷನ್ ಬೇಕಾಗಬಹುದು" ಅನ್ನುತ್ತಾರೆ. ಹೀಗೆ ಕಣ್ಣಿನ ನರ ಸವೆಯುವ ಕಾಯಿಲೆಯೇ ಗ್ಲಾಕೋಮಾ. ಅಲ್ಲಿಂದ ಎದ್ದು ಮನೆ ಸೇರುವಷ್ಟರಲ್ಲಿ ತಲೆ ತುಂಬ ಪ್ರಶ್ನೆಗಳು. ಆ ಪ್ರಶ್ನೆಗಳನ್ನು ಹೊತ್ತು ಕೂತವರಿಗೆ, ಅವರ ಮನೆಯವರಿಗೆ ಈ ಬರಹ.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಆಪರೇಷನ್ ಕಣ್ಣೊಳಗಿನ ನೀರು ಹೊರಗೆ ಹೋಗಲು ದಾರಿ ಮಾಡಿಕೊಡುತ್ತದೆ, ಅಷ್ಟೇ. ಉರಿಯೂತವನ್ನು ವಾಸಿ ಮಾಡುವುದಿಲ್ಲ. ಉರಿಯೂತ ಹತೋಟಿಗೆ ಬಾರದ ಕಣ್ಣಿನಲ್ಲಿ ಎಷ್ಟೇ ಚೆನ್ನಾಗಿ ಮಾಡಿದ ದಾರಿಯೂ ಮತ್ತೆ ಮುಚ್ಚಿಕೊಳ್ಳಬಹುದು. ಹಾಗಾಗಿ ಇಲ್ಲಿ ಅರ್ಧ ಕೆಲಸ ಆಪರೇಷನ್‌ಗೆ ಮೊದಲೇ ಆಗಬೇಕು, ಉಳಿದರ್ಧ ಆಮೇಲೆ. ಥಿಯೇಟರಿನ ಒಳಗೆ ನಡೆಯುವುದು ನಡುವಿನ ಸ್ವಲ್ಪ ಹೊತ್ತು ಮಾತ್ರ.

ಇನ್ನೊಂದು ವಿಷಯ. ಕಣ್ಣಿನ ಪ್ರೆಶರ್ ಬೇರೆ, ಬಿಪಿ ಬೇರೆ. ಬಿಪಿ ಸರಿಯಾಗಿದೆ ಅಂತ ಕಣ್ಣಿನ ಪ್ರೆಶರ್ ಸರಿ ಇರಬೇಕೆಂದೇನಿಲ್ಲ. ಕಣ್ಣಿನ ಪ್ರೆಶರ್ ಸಾಮಾನ್ಯವಾಗಿ ಪಾದರಸದ ಲೆಕ್ಕದಲ್ಲಿ 10ರಿಂದ 21 ಮಿಲಿಮೀಟರ್ ಇರುತ್ತದೆ. ಉರಿಯೂತದ ಗ್ಲಾಕೋಮಾದಲ್ಲಿ ಅದು 40, 50ಕ್ಕೂ ಹಾರಬಹುದು.

ಹೆಜ್ಜೆ 1: ಪ್ರೆಶರ್ ಯಾಕೆ ಏರಿತು ಅಂತ ತಿಳಿದುಕೊಳ್ಳಿ

ಇದು ಡಾಕ್ಟರ ಕೆಲಸ, ನಮಗೇಕೆ ಅನ್ನಬೇಡಿ. ಕಾರಣ ಬೇರೆಯಾದರೆ ಆಪರೇಷನ್ನೇ ಬೇರೆಯಾಗುತ್ತದೆ. ಕೆಲವು ಸಲ ಆಪರೇಷನ್ ಬೇಡವೇ ಬೇಡ ಅನ್ನುವ ಹಾಗೂ ಆಗುತ್ತದೆ.

ನಮ್ಮ ಕಣ್ಣಿನ ಮುಂಭಾಗದಲ್ಲಿ ತಿಳಿನೀರು ಹುಟ್ಟುತ್ತಲೇ ಇರುತ್ತದೆ, ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೋಲೀಟರ್. ಪಾಪೆಯ, ಅಂದರೆ ಕಣ್ಣಿನ ಬಣ್ಣದ ಪರದೆಯ ಹಿಂದೆ ಹುಟ್ಟಿ, ಪಾಪೆಯ ನಡುವಿನ ತೂತಿನಿಂದ ಮುಂದೆ ಬಂದು, ಅಂಚಿನ ಮೂಲೆಯಲ್ಲಿರುವ ಜರಡಿಯಂಥ ಜಾಲದ ಮೂಲಕ ಹೊರಗೆ ಹರಿದುಹೋಗುತ್ತದೆ. ಹುಟ್ಟುವುದೂ ಹೋಗುವುದೂ ಸಮ ಇದ್ದರೆ ಪ್ರೆಶರ್ ಸರಿ ಇರುತ್ತದೆ.

ಉರಿಯೂತ ಬಂದಾಗ ಈ ವ್ಯವಸ್ಥೆ ಹಲವು ಕಡೆ ಕೆಡುತ್ತದೆ. ಬಿಳಿ ರಕ್ತಕಣಗಳು, ಪ್ರೋಟೀನು ಸೇರಿ ಜರಡಿಯ ತೂತುಗಳನ್ನು ಮುಚ್ಚುತ್ತವೆ. ಜರಡಿಯೇ ಊದಿಕೊಳ್ಳಬಹುದು. ಹರ್ಪಿಸ್ ಮತ್ತು ಸಿಎಂವಿ ವೈರಸ್‌ಗಳಿಂದ ಬರುವ ಉರಿಯೂತದಲ್ಲಿ ಹೀಗಾಗುವುದು ಜಾಸ್ತಿ. ಪದೇ ಪದೇ ಉರಿಯೂತವಾದರೆ ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತದೆ. ಸುತ್ತಲೂ ಪೂರ್ತಿ ಅಂಟಿದರೆ ನೀರಿಗೆ ಮುಂದೆ ಬರಲು ದಾರಿಯೇ ಇಲ್ಲ. ಆಗ ಪಾಪೆ ಹಾಯಿಯ ಹಾಗೆ ಮುಂದಕ್ಕೆ ಉಬ್ಬಿ, ಪ್ರೆಶರ್ ಗಂಟೆಗಳಲ್ಲಿ ಏರಬಹುದು. ಇನ್ನು ಕೆಲವರಲ್ಲಿ ಪಾಪೆಯ ಹೊರ ಅಂಚು ಜರಡಿಗೇ ಅಂಟಿ ಅದನ್ನು ಶಾಶ್ವತವಾಗಿ ಮುಚ್ಚುತ್ತದೆ. ಬಹಳ ದಿನದ ಉರಿಯೂತದಲ್ಲಿ ಆ ಮೂಲೆಯಲ್ಲಿ ಬೇಡದ ರಕ್ತನಾಳಗಳೂ ಬೆಳೆಯಬಹುದು.

ಇದರ ಜೊತೆಗೆ ಸ್ಟೀರಾಯ್ಡ್ ಇದೆ. ಉರಿಯೂತ ಇಳಿಸುವ ಔಷಧಿಯೇ ಕೆಲವರಲ್ಲಿ ಪ್ರೆಶರ್ ಏರಿಸುತ್ತದೆ. ಸುಮಾರು ಮೂರರಲ್ಲಿ ಒಬ್ಬರಿಗೆ ಸ್ವಲ್ಪ ಮಟ್ಟಿಗೆ ಏರುತ್ತದೆ. ನೂರಕ್ಕೆ ಐದಾರು ಜನರಿಗೆ ತುಂಬ ಏರುತ್ತದೆ. ಡ್ರಾಪ್ಸ್ ಶುರುವಾಗಿ 2ರಿಂದ 6 ವಾರದ ಹೊತ್ತಿಗೆ ಇದು ಕಾಣಿಸಿಕೊಳ್ಳುವುದು ಹೆಚ್ಚು.

ಇಲ್ಲೊಂದು ಗೊಂದಲ ಹುಟ್ಟುತ್ತದೆ, ನಿಧಾನವಾಗಿ ಓದಿ. ಉರಿಯೂತ ಜೋರಾಗಿದ್ದಾಗ ನೀರು ಹುಟ್ಟಿಸುವ ಭಾಗವೂ ಸೊರಗಿರುತ್ತದೆ. ಹಾಗಾಗಿ ಜರಡಿ ಕೆಟ್ಟಿದ್ದರೂ ಪ್ರೆಶರ್ ಕಡಿಮೆ ತೋರಿಸಬಹುದು. ಔಷಧಿಯಿಂದ ಉರಿಯೂತ ಇಳಿದ ಮೇಲೆ ನೀರು ಮತ್ತೆ ಚೆನ್ನಾಗಿ ಹುಟ್ಟುತ್ತದೆ, ಆದರೆ ಹೋಗಲು ದಾರಿ ಇಲ್ಲ. ಪ್ರೆಶರ್ ಏರುತ್ತದೆ. ಆಗ ನಮಗೆ "ಔಷಧಿಯಿಂದಲೇ ಹೀಗಾಯಿತು" ಅನ್ನಿಸುತ್ತದೆ. ಕೆಲವು ಸಲ ಅದು ನಿಜ, ಕೆಲವು ಸಲ ಅಲ್ಲ. ಸುಮ್ಮನೆ ಊಹಿಸಿ ಸ್ಟೀರಾಯ್ಡ್ ನಿಲ್ಲಿಸಿದರೆ ಉರಿಯೂತ ಮರಳಿ ಬಂದು, ಪಾಪೆ ಇನ್ನಷ್ಟು ಅಂಟಿ, ಎರಡೂ ಕಡೆ ನಷ್ಟ. ಈ ಒಂದು ತಪ್ಪಿನಿಂದ ಎಷ್ಟೋ ಕಣ್ಣುಗಳು ಹಾಳಾಗುತ್ತವೆ. ದಯವಿಟ್ಟು ಮಾಡಬೇಡಿ. ಸ್ಟೀರಾಯ್ಡ್ ಬದಲಿಸುವುದು, ಇಳಿಸುವುದು ಡಾಕ್ಟರ ಜೊತೆ ಮಾತಾಡಿಯೇ ಆಗಬೇಕು.

ಕಾರಣ ಹುಡುಕಲು ಕೆಲವು ಪರೀಕ್ಷೆಗಳಿವೆ. ಕಣ್ಣಿನ ಮೇಲೆ ಪುಟ್ಟ ಕನ್ನಡಿ ಇಟ್ಟು ಆ ಮೂಲೆಯನ್ನು ನೋಡುವ ಪರೀಕ್ಷೆಗೆ ಗೋನಿಯೋಸ್ಕೋಪಿ ಅನ್ನುತ್ತಾರೆ. ಇದು ಆಗಿಲ್ಲದಿದ್ದರೆ ಕೇಳಿ ಮಾಡಿಸಿಕೊಳ್ಳಿ. ಮೂಲೆ ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗದೆ ಆಪರೇಷನ್ ತೀರ್ಮಾನ ಆಗಬಾರದು. ನರ ಎಷ್ಟು ಸವೆದಿದೆ ಅಂತ ನೋಡಲು ಒಸಿಟಿ ಸ್ಕ್ಯಾನ್, ಸುತ್ತಲಿನ ನೋಟ ಎಷ್ಟು ಉಳಿದಿದೆ ಅಂತ ನೋಡಲು ಫೀಲ್ಡ್ ಟೆಸ್ಟ್. ಉರಿಯೂತದ ಬೇರು ಎಲ್ಲಿದೆ ಅಂತ ನೋಡಲು ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಅಥವಾ ಸ್ಕ್ಯಾನ್. ಕ್ಷಯ, ಸಿಫಿಲಿಸ್, ಸಾರ್ಕಾಯ್ಡೋಸಿಸ್, ಬೆನ್ನು ಮತ್ತು ಕೀಲುಗಳ ವಾತ, ಎಚ್‌ಎಲ್‌ಎ-ಬಿ27 ಅನ್ನುವ ಜೀನಿಗೆ ನಂಟಿರುವ ಕಾಯಿಲೆ, ಬೆಶೆಟ್ ಕಾಯಿಲೆ, ಇವೆಲ್ಲ ಕಣ್ಣಿನಲ್ಲಿ ಉರಿಯೂತವಾಗಿ ಕಾಣಿಸಿಕೊಳ್ಳಬಹುದು. ವೈರಸ್ ಅನುಮಾನ ಇದ್ದರೆ ಕಣ್ಣಿನ ಮುಂಭಾಗದಿಂದ ಒಂದು ಹನಿ ನೀರು ತೆಗೆದು ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಸೂಜಿ ಅಂದರೆ ಹೆದರಿಕೆಯೇ, ಅದು ಸಹಜ. ಆದರೆ ಮರಗಟ್ಟಿಸುವ ಹನಿ ಹಾಕಿ ಮಾಡುವ ಪುಟ್ಟ ಕೆಲಸ ಅದು. ವೈರಸ್ ಅಂತ ಖಚಿತವಾಗಿ ಅದಕ್ಕೆ ಸರಿಯಾದ ಔಷಧಿ ಕೊಟ್ಟರೆ ಪ್ರೆಶರ್ ತಾನಾಗಿ ಇಳಿದು ಆಪರೇಷನ್ ತಪ್ಪುವುದೂ ಉಂಟು.

ಮಕ್ಕಳ ಬಗ್ಗೆ ಒಂದು ಎಚ್ಚರಿಕೆ. ಕೀಲುವಾತ ಇರುವ ಮಕ್ಕಳಲ್ಲಿ ಕಣ್ಣಿನ ಉರಿಯೂತ ಸದ್ದಿಲ್ಲದೆ ಬರುತ್ತದೆ. ಕಣ್ಣು ಬೆಳ್ಳಗೇ ಇರುತ್ತದೆ, ನೋವಿರುವುದಿಲ್ಲ, ಮಗು ಆಟವಾಡಿಕೊಂಡೇ ಇರುತ್ತದೆ. ಕೆಂಪಾದಾಗ ತೋರಿಸೋಣ ಅಂತ ಕಾಯಬಾರದು. ಡಾಕ್ಟರು ಹೇಳಿದ ತಾರೀಖಿಗೆ ಹೋಗಿ ತೋರಿಸಲೇಬೇಕು.

ಹೆಜ್ಜೆ 2: ಒಂದು ನೋಟ್‌ಬುಕ್ ಶುರು ಮಾಡಿ

ಚಿಕ್ಕದಾದರೆ ಸಾಕು. ಪ್ರತಿ ಸಲ ತೋರಿಸಿದಾಗ ತಾರೀಖು, ಎರಡೂ ಕಣ್ಣಿನ ಪ್ರೆಶರ್, ಆಗ ಹಾಕುತ್ತಿದ್ದ ಡ್ರಾಪ್ಸ್, ಉರಿಯೂತ ಇತ್ತೋ ಇಲ್ಲವೋ, ಇಷ್ಟನ್ನು ಬರೆಯಿರಿ. ಉರಿಯೂತ ಎದ್ದ ದಿನ, ಇಳಿದ ದಿನ ಬರೆಯಿರಿ. ಆರು ತಿಂಗಳ ಪುಟ ತಿರುಗಿಸಿದರೆ ಪ್ರೆಶರ್ ಏರಿದ್ದು ಸ್ಟೀರಾಯ್ಡ್ ಜಾಸ್ತಿ ಇದ್ದಾಗಲೋ, ಉರಿಯೂತ ಎದ್ದಾಗಲೋ ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಡಾಕ್ಟರಿಗೂ ಇದಕ್ಕಿಂತ ಒಳ್ಳೆಯ ಸಹಾಯ ಇನ್ನೊಂದಿಲ್ಲ.

ಹೆಜ್ಜೆ 3: ಔಷಧಿಯಲ್ಲೇ ಆಗುತ್ತದೋ ನೋಡುವುದು

ಆಪರೇಷನ್‌ಗೆ ಮೊದಲು ಡ್ರಾಪ್ಸ್‌ನಿಂದ ಪ್ರೆಶರ್ ಇಳಿಸಲು ನೋಡುತ್ತಾರೆ. ಟಿಮೋಲಾಲ್ ಹೆಚ್ಚಾಗಿ ಮೊದಲು ಬರುತ್ತದೆ. ಆಸ್ತಮಾ ಇದ್ದರೆ, ಹೃದಯದ ಬಡಿತ ನಿಧಾನ ಇದ್ದರೆ ಮೊದಲೇ ಹೇಳಿ, ಅಂಥವರಿಗೆ ಅದು ಅಪಾಯ. ಡಾರ್ಜೋಲಮೈಡ್, ಬ್ರಿಂಜೋಲಮೈಡ್ ಇನ್ನೊಂದು ಗುಂಪು. ಬ್ರಿಮೋನಿಡಿನ್ ಕೂಡ ಕೊಡುತ್ತಾರೆ, ಆದರೆ 2 ವರ್ಷದೊಳಗಿನ ಮಕ್ಕಳಿಗೆ ಅದು ಕೂಡದು. ಲಟಾನೊಪ್ರೋಸ್ಟ್ ಜಾತಿಯ ಡ್ರಾಪ್ಸ್‌ಗಳನ್ನು ಉರಿಯೂತ ಇರುವ ಕಣ್ಣಿಗೆ ಎಚ್ಚರಿಕೆಯಿಂದ ಬಳಸುತ್ತಾರೆ. ಪೈಲೋಕಾರ್ಪಿನ್ ಮಾತ್ರ ಈ ಕಣ್ಣುಗಳಿಗೆ ಸಲ್ಲದು. ಅದು ಪಾಪೆಯ ತೂತನ್ನು ಕಿರಿದು ಮಾಡುತ್ತದೆ, ಅಂಟುವುದು ಇನ್ನೂ ಸುಲಭವಾಗುತ್ತದೆ. ಬೇರೆ ಬಗೆಯ ಗ್ಲಾಕೋಮಾ ಇರುವ ನೆಂಟರ ಡ್ರಾಪ್ಸ್ ಎರವಲು ತಂದು ಹಾಕಿಕೊಳ್ಳಬಾರದು ಅನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಪ್ರೆಶರ್ ತುಂಬ ಇದ್ದರೆ ಅಸಿಟಜೋಲಮೈಡ್ ಮಾತ್ರೆ ಕೊಡುತ್ತಾರೆ. ಬೆರಳ ತುದಿ ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಬಾಯಿ ರುಚಿ ಕೆಡುತ್ತದೆ. ಗಾಬರಿ ಬೇಡ, ಇದು ಗೊತ್ತಿರುವ ತೊಂದರೆ. ಆದರೆ ಕಿಡ್ನಿ ಕಲ್ಲು, ಕಿಡ್ನಿ ತೊಂದರೆ, ಸಲ್ಫಾ ಅಲರ್ಜಿ ಇದ್ದರೆ ಬಾಯಿಬಿಟ್ಟು ಹೇಳಲೇಬೇಕು.

ಲೇಸರ್ ಆಗುವುದಿಲ್ಲವೇ ಅಂತ ತುಂಬ ಜನ ಕೇಳುತ್ತಾರೆ. ಜರಡಿಗೆ ಮಾಡುವ ಲೇಸರ್‌ನಿಂದ ಉರಿಯೂತ ಕೆರಳಬಹುದು. ಹಾಗಾಗಿ ಉರಿಯೂತ ಸಕ್ರಿಯ ಇರುವ ಕಣ್ಣಿಗೆ ಅದನ್ನು ಮಾಡುವುದಿಲ್ಲ. ಪಾಪೆ ಪೂರ್ತಿ ಅಂಟಿ ನೀರು ಹಿಂದೆ ನಿಂತಾಗ ಮಾತ್ರ ಲೇಸರ್‌ನಿಂದ ಪಾಪೆಯಲ್ಲಿ ಪುಟ್ಟ ತೂತು ಮಾಡುತ್ತಾರೆ. ಉರಿಯೂತದ ಕಣ್ಣಿನಲ್ಲಿ ಆ ತೂತು ಮತ್ತೆ ಮುಚ್ಚಿಕೊಳ್ಳುವುದು ಸಾಮಾನ್ಯ. ಆಗ ಆಪರೇಷನ್ ಮಾಡಿಯೇ ದೊಡ್ಡ ತೂತು ಮಾಡಬೇಕಾಗುತ್ತದೆ.

ಎಲ್ಲ ಔಷಧಿ ಹಾಕಿದರೂ ಪ್ರೆಶರ್ ಇಳಿಯದಿದ್ದರೆ, ಅಥವಾ ಇಳಿದರೂ ನರ ಸವೆಯುತ್ತಲೇ ಇದ್ದರೆ, ಆಪರೇಷನ್ ಮುಂದೂಡುವುದರಲ್ಲಿ ಅರ್ಥವಿಲ್ಲ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ.

ಹೆಜ್ಜೆ 4: ಕಣ್ಣನ್ನು ತಣ್ಣಗೆ ಮಾಡಿ

ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ಇದೇ ದೊಡ್ಡ ಹೆಜ್ಜೆ. ತುರ್ತು ಇಲ್ಲದಿದ್ದರೆ ಕಣ್ಣಿನಲ್ಲಿ ಉರಿಯೂತ ಇಲ್ಲದೆ ಸುಮಾರು 3 ತಿಂಗಳು ಕಳೆದ ಮೇಲೆ ಆಪರೇಷನ್ ಮಾಡುವುದು ಒಳ್ಳೆಯದು ಅಂತ ವೈದ್ಯರು ಬಯಸುತ್ತಾರೆ. ಕಾರಣ ಸರಳ. ಈ ಆಪರೇಷನ್ ಉಳಿಯುವುದು ಗಾಯ ಪೂರ್ತಿ ಮಾಯದೆ ಇದ್ದಾಗ! ಬೇರೆ ಎಲ್ಲ ಆಪರೇಷನ್‌ನಲ್ಲಿ ಗಾಯ ಬೇಗ ಕೂಡಲಿ ಅಂತೇವೆ. ಇಲ್ಲಿ ಮಾಡಿದ ದಾರಿ ತೆರೆದೇ ಇರಬೇಕು. ಉರಿಯೂತದ ಕಣ್ಣಿನಲ್ಲಿ ಗಾಯ ಮಾಯಿಸುವ ಕಣಗಳು ಮೊದಲೇ ಎಚ್ಚರವಾಗಿ ಕೂತಿರುತ್ತವೆ. ಹೊಸ ದಾರಿ ಕಂಡ ಕೂಡಲೇ ಗಟ್ಟಿ ಪದರ ಕಟ್ಟಿ ಮುಚ್ಚಿಬಿಡುತ್ತವೆ.

ತಣ್ಣಗೆ ಮಾಡುವುದು ಬರೀ ಡ್ರಾಪ್ಸ್‌ನಿಂದ ಆಗದಿದ್ದರೆ ಮಾತ್ರೆ, ಇಂಜೆಕ್ಷನ್ ಬೇಕಾಗುತ್ತದೆ. ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್, ಮೈಕೊಫಿನೊಲೇಟ್ ಇವು ದೇಹದ ರೋಗನಿರೋಧಕ ಶಕ್ತಿಯ ಅತಿಯಾದ ಆಟವನ್ನು ತಗ್ಗಿಸುತ್ತವೆ. ಅಡಲಿಮುಮ್ಯಾಬ್ ಇಂಜೆಕ್ಷನ್‌ಗೆ ಸೋಂಕಿಲ್ಲದ ಕಣ್ಣಿನ ಉರಿಯೂತದ ಚಿಕಿತ್ಸೆಗಾಗಿ 2016ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಶುರು ಮಾಡುವ ಮುಂಚೆ ಕ್ಷಯದ ಪರೀಕ್ಷೆ ಆಗಲೇಬೇಕು. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ಅದು ವಾರಕ್ಕೆ ಒಂದು ದಿನ ಮಾತ್ರ, ದಿನಾ ಅಲ್ಲ. ತಪ್ಪಿ ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಯಾವ ವಾರದ ದಿನ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ.

ಆಪರೇಷನ್ ದಿನ ಗೊತ್ತಾದ ಮೇಲೆ, ಕಣ್ಣು ಸುಮ್ಮನಿದ್ದರೂ ಸಾಮಾನ್ಯವಾಗಿ ಸ್ಟೀರಾಯ್ಡ್ ಜಾಸ್ತಿ ಮಾಡುತ್ತಾರೆ. ಒಂದು ವಾರ ಮುಂಚಿನಿಂದ ಡ್ರಾಪ್ಸ್ ಹೆಚ್ಚಿಸಬಹುದು, ಕೆಲವರಿಗೆ ಕೆಲವು ದಿನ ಮಾತ್ರೆಯನ್ನೂ ಕೊಡಬಹುದು. "ಕಣ್ಣು ಸರಿ ಇದೆಯಲ್ಲ, ಯಾಕೆ?" ಅಂತ ಬಿಡಬೇಡಿ. ಆಪರೇಷನ್ನೇ ಕಣ್ಣಿಗೆ ಒಂದು ಪೆಟ್ಟು, ಅದಕ್ಕೆ ಕಣ್ಣು ಕೆರಳದಂತೆ ಮುಂಚೆಯೇ ಕೊಡುವ ಕಾವಲು ಇದು. ಹರ್ಪಿಸ್ ಉರಿಯೂತ ಇದ್ದವರಿಗೆ ಅಸೈಕ್ಲೊವಿರ್ ಅಥವಾ ವ್ಯಾಲಸೈಕ್ಲೊವಿರ್ ಮಾತ್ರೆ ಆಪರೇಷನ್ ಮುಂಚೆಯೂ ಆಮೇಲೂ ನಡೆಯಬೇಕು. ಡಾಕ್ಟರು ಮರೆತರೆ ನೀವೇ ನೆನಪಿಸಿ.

ಪ್ರೆಶರ್ 50 ದಾಟಿ, ನರ ಮೊದಲೇ ಸವೆದಿದ್ದರೆ 3 ತಿಂಗಳು ಕಾಯಲು ಆಗುವುದಿಲ್ಲ. ಆಗ ಜೋರು ಸ್ಟೀರಾಯ್ಡ್ ಕೊಟ್ಟು ಕೂಡಲೇ ಆಪರೇಷನ್ ಮಾಡುತ್ತಾರೆ. ಅದು ತಪ್ಪಲ್ಲ. ಕಾಯುವುದರಿಂದ ದೃಷ್ಟಿ ಹೋಗುವ ಭಯ ಜಾಸ್ತಿ ಅನ್ನುವ ಲೆಕ್ಕ ಅದು.

ಗ್ಲಾಕೋಮಾ ನೋಡುವವರು ಒಬ್ಬರು, ಉರಿಯೂತ ನೋಡುವವರು ಒಬ್ಬರು, ವಾತದ ಡಾಕ್ಟರು ಇನ್ನೊಬ್ಬರು, ಹೀಗೆ ಮೂರು ಕಡೆ ಓಡಾಡುವವರು ತುಂಬ. ಒಬ್ಬರು ಮಾತ್ರೆ ನಿಲ್ಲಿಸಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. "ಅವರ ಜೊತೆ ಒಂದು ಸಲ ಮಾತಾಡ್ತೀರಾ ಡಾಕ್ಟರೇ?" ಅಂತ ಕೇಳಲು ಸಂಕೋಚ ಬೇಡ.

ಹೆಜ್ಜೆ 5: ಯಾವ ಆಪರೇಷನ್?

ಮುಖ್ಯವಾಗಿ ಎರಡು. ಉಳಿದವು ವಿಶೇಷ ಸಂದರ್ಭಕ್ಕೆ.

ಮೊದಲನೆಯದು ಟ್ರಾಬೆಕ್ಯುಲೆಕ್ಟಮಿ. 1968ರಿಂದ ಬಳಕೆಯಲ್ಲಿರುವ ಹಳೆಯ, ನಂಬಿಕೆಯ ಆಪರೇಷನ್. ಮೇಲ್ರೆಪ್ಪೆಯ ಅಡಿಯಲ್ಲಿ, ಕಣ್ಣಿನ ಬಿಳಿ ಗೋಡೆಯಲ್ಲಿ ಪುಟ್ಟ ಬಾಗಿಲಿನಂಥ ಪದರ ಮಾಡಿ, ಅದರ ಕೆಳಗೆ ತೂತು ತೆಗೆಯುತ್ತಾರೆ. ನೀರು ಆ ಬಾಗಿಲಿನ ಸಂದಿಯಿಂದ ಜಿನುಗಿ, ಮೇಲಿನ ತೆಳು ಪೊರೆಯ ಅಡಿಯಲ್ಲಿ ಒಂದು ಮೆದು ಉಬ್ಬಾಗಿ ನಿಂತು, ಮೆಲ್ಲಗೆ ರಕ್ತಕ್ಕೆ ಸೇರುತ್ತದೆ. ಆ ಉಬ್ಬನ್ನು ಬ್ಲೆಬ್ ಅನ್ನುತ್ತಾರೆ. ರೆಪ್ಪೆ ಎತ್ತಿದರೆ ಮಾತ್ರ ಕಾಣುತ್ತದೆ. ಗಾಯ ಮುಚ್ಚದಿರಲಿ ಅಂತ ಮೈಟೊಮೈಸಿನ್ ಅನ್ನುವ ಔಷಧಿಯನ್ನು ಆ ಜಾಗಕ್ಕೆ ಕೆಲವು ನಿಮಿಷ ತಾಗಿಸುತ್ತಾರೆ. ಪ್ರೆಶರ್ ತುಂಬ ಕೆಳಗೆ ತರಲು ಇದು ಒಳ್ಳೆಯದು. ಆದರೆ ಉರಿಯೂತ ಮತ್ತೆ ಮತ್ತೆ ಏಳುವ ಕಣ್ಣಿನಲ್ಲಿ ಮುಚ್ಚಿಕೊಳ್ಳುವ ಸಂಭವ ಸಾಮಾನ್ಯ ಗ್ಲಾಕೋಮಾಕ್ಕಿಂತ ಹೆಚ್ಚು.

ಎರಡನೆಯದು ಟ್ಯೂಬ್, ಅಂದರೆ ಡ್ರೈನೇಜ್ ಇಂಪ್ಲಾಂಟ್. ಸಣ್ಣ ಸಿಲಿಕೋನ್ ಕೊಳವೆ, ಒಳಗಿನ ತೂತು ಸುಮಾರು 0.3 ಮಿಲಿಮೀಟರ್. ಒಂದು ತುದಿ ಕಣ್ಣೊಳಗೆ, ಇನ್ನೊಂದು ತುದಿ ಹಿಂದೆ ಹೊಲಿದಿಟ್ಟ ಪುಟ್ಟ ತಟ್ಟೆಗೆ. ನೀರು ಆ ತಟ್ಟೆಯ ಮೇಲೆ ಸೇರಿ ಹೀರಿಹೋಗುತ್ತದೆ. ಅಹ್ಮದ್ ಇಂಪ್ಲಾಂಟಿನಲ್ಲಿ ಕವಾಟ ಇದೆ, ಪ್ರೆಶರ್ ಸುಮಾರು 8ರಿಂದ 12 ದಾಟಿದಾಗ ತೆರೆಯುವ ಹಾಗೆ ಮಾಡಿದ್ದಾರೆ. ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ. ಬೇರ್ವೆಲ್ಟ್ ಇಂಪ್ಲಾಂಟಿನಲ್ಲಿ ಕವಾಟ ಇಲ್ಲ, ತಟ್ಟೆ ದೊಡ್ಡದು. ನೀರು ಒಮ್ಮೆಲೇ ಸುರಿದುಹೋಗದಿರಲಿ ಅಂತ ಕೊಳವೆಗೆ ಕರಗುವ ದಾರ ಕಟ್ಟಿರುತ್ತಾರೆ. 4ರಿಂದ 6 ವಾರದಲ್ಲಿ ಅದು ಕರಗಿ ಕೊಳವೆ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಪ್ರೆಶರ್ ಇಳಿಯಲಿಲ್ಲ ಅಂತ ಕಂಗೆಡಬೇಡಿ, ಹಳೆಯ ಡ್ರಾಪ್ಸ್ ನಡೆಯುತ್ತಿರುತ್ತವೆ. ಕೊಳವೆ ಮೇಲಿನ ಪೊರೆಯನ್ನು ಸವೆಸಿ ಹೊರಗೆ ಬಾರದಿರಲಿ ಅಂತ ಅದರ ಮೇಲೆ ದಾನಿಯ ಕಣ್ಣಿನ ಪದರ ಅಥವಾ ಅಂಥದೇ ತೇಪೆ ಹೊಲಿಯುತ್ತಾರೆ.

ಉರಿಯೂತ ಪದೇ ಪದೇ ಏಳುವವರಿಗೆ, ಮೊದಲೇ ಒಂದು ಆಪರೇಷನ್ ಆಗಿ ಮುಚ್ಚಿಹೋದವರಿಗೆ ತುಂಬ ಸರ್ಜನ್ನರು ಟ್ಯೂಬ್ ಕಡೆ ವಾಲುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ. ಆದರೆ ಟ್ಯೂಬಿಗೂ ತನ್ನದೇ ತೊಂದರೆ ಇದೆ. ವರ್ಷಗಳು ಕಳೆದಂತೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಒಳಪದರದ ಕಣಗಳು ಕಡಿಮೆಯಾಗಬಹುದು. ಅದಕ್ಕೇ ಕೆಲವರಲ್ಲಿ ಕೊಳವೆಯನ್ನು ಕಾರ್ನಿಯಾದಿಂದ ದೂರ, ಪಾಪೆಯ ಹಿಂದೆ ಇಡುತ್ತಾರೆ. ಒಂದು ಕಣ್ಣಿಗೆ ಸರಿಹೋದದ್ದು ಇನ್ನೊಂದಕ್ಕೆ ಆಗಲೇಬೇಕೆಂದಿಲ್ಲ. ನಿಮ್ಮ ಸರ್ಜನ್ ಯಾವುದರಲ್ಲಿ ಕೈ ಪಳಗಿದವರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಮಕ್ಕಳಲ್ಲಿ, ಮೂಲೆ ಅಂಟಿಲ್ಲದಿದ್ದರೆ, ಜರಡಿಯನ್ನೇ ಸೀಳಿ ದಾರಿ ಬಿಡಿಸುವ ಗೋನಿಯೋಟಮಿ ಮೊದಲು ಮಾಡುವುದುಂಟು. ಹೊರಗೆ ಗಾಯ ಇರುವುದಿಲ್ಲ, ಮುಂದೆ ಬೇರೆ ಆಪರೇಷನ್‌ಗೆ ಜಾಗ ಉಳಿದಿರುತ್ತದೆ. ನೀರು ಹುಟ್ಟಿಸುವ ಭಾಗವನ್ನೇ ಲೇಸರ್‌ನಿಂದ ಸುಡುವ ಚಿಕಿತ್ಸೆಯೂ ಇದೆ. ಉರಿಯೂತದ ಕಣ್ಣಿನಲ್ಲಿ ಆ ಭಾಗ ಮೊದಲೇ ಬಡವಾಗಿರುವುದರಿಂದ ಪ್ರೆಶರ್ ಪೂರ್ತಿ ಕುಸಿದು ಕಣ್ಣೇ ಕುಗ್ಗಿಹೋಗುವ ಭಯ ಇದೆ. ಅದಕ್ಕೆ ಇದು ಬೇರೆ ದಾರಿ ಉಳಿಯದಾಗ ಮಾತ್ರ.

ಉರಿಯೂತ ಮತ್ತು ಸ್ಟೀರಾಯ್ಡ್ ಎರಡರಿಂದಲೂ ಕಣ್ಣಿನ ಪೊರೆ (ಕ್ಯಾಟರಾಕ್ಟ್) ಬೇಗ ಬೆಳೆಯುತ್ತದೆ. "ಅದನ್ನೂ ಜೊತೆಗೇ ತೆಗೆದುಬಿಡಿ" ಅಂತ ಕೇಳುವುದು ಸಹಜ. ಎರಡೂ ಒಟ್ಟಿಗೆ ಮಾಡಿದರೆ ಕಣ್ಣು ಹೆಚ್ಚು ಕೆರಳುತ್ತದೆ, ಬ್ಲೆಬ್ ಮುಚ್ಚುವ ಸಂಭವ ಏರುತ್ತದೆ. ಸಾಧ್ಯವಾದರೆ ಬೇರೆ ಬೇರೆ ಮಾಡುವುದೇ ಮೇಲು.

ಪೊರೆ ಆಪರೇಷನ್ ಆದವರು ಮಾರನೇ ದಿನವೇ ಲೋಕ ಬೆಳ್ಳಗೆ ಕಂಡಿತು ಅನ್ನುತ್ತಾರೆ, ಅಲ್ವಾ? ಗ್ಲಾಕೋಮಾ ಆಪರೇಷನ್ ಹಾಗಲ್ಲ. ಇದರಿಂದ ದೃಷ್ಟಿ ಹೆಚ್ಚಾಗುವುದಿಲ್ಲ. ಮೊದಲ ಕೆಲವು ವಾರ ಇನ್ನೂ ಮಬ್ಬಾಗಿಯೇ ಇರಬಹುದು. ಉಳಿದದ್ದನ್ನು ಉಳಿಸಿಕೊಳ್ಳುವ ಆಪರೇಷನ್ ಇದು. ಮನೆಯವರೆಲ್ಲರಿಗೂ ಇದನ್ನು ಮೊದಲೇ ಹೇಳಿಡಿ.

ಹೆಜ್ಜೆ 6: ಆಪರೇಷನ್ ದಿನ

ಹೆಚ್ಚಿನ ದೊಡ್ಡವರಿಗೆ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುತ್ತಾರೆ, ಮಕ್ಕಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಸ್ಟೀರಾಯ್ಡ್ ಮಾತ್ರೆ ನುಂಗುವವರಿಗೆ ಸಕ್ಕರೆ ಏರುತ್ತದೆ, ಪರೀಕ್ಷೆ ಮಾಡಿಸಿ. ಜೊತೆಗೆ ಒಬ್ಬರು ಇರಲಿ. ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸುತ್ತಾರೆ, ಹೆಚ್ಚಿನವರು ಅದೇ ದಿನ ಮನೆಗೆ ಬರಬಹುದು.

ಹೆಜ್ಜೆ 7: ಆಮೇಲಿನ 3 ತಿಂಗಳು

ಇಲ್ಲಿಂದ ಮುಂದೆ ಆಪರೇಷನ್ ನಿಮ್ಮ ಕೈಯಲ್ಲಿದೆ ಅಂದರೂ ತಪ್ಪಿಲ್ಲ.

ಮಾರನೇ ದಿನ ತೋರಿಸಬೇಕು. ಆಮೇಲೆ ಒಂದು ವಾರದೊಳಗೆ, ಆಮೇಲೆ ಹಲವು ವಾರ ವಾರವಾರ. ನೋವಿಲ್ಲ ಅಂತ ಒಂದು ಸಲವೂ ತಪ್ಪಿಸಬೇಡಿ. ಈ ವಾರಗಳಲ್ಲೇ ಡಾಕ್ಟರು ಬ್ಲೆಬ್ ಹೇಗಿದೆ ನೋಡಿ ಸರಿಮಾಡುತ್ತಾರೆ. ಪ್ರೆಶರ್ ಜಾಸ್ತಿ ಇದ್ದರೆ ಬಾಗಿಲಿನ ಒಂದೊಂದೇ ಹೊಲಿಗೆಯನ್ನು ಲೇಸರ್‌ನಿಂದ ಕತ್ತರಿಸುತ್ತಾರೆ. ಪದರ ಕಟ್ಟುತ್ತಿದ್ದರೆ ಸೂಜಿಯಿಂದ ಬಿಡಿಸಿ ಔಷಧಿ ಚುಚ್ಚುತ್ತಾರೆ. ಇದಕ್ಕೆಲ್ಲ ಸಮಯ ಇದೆ. ಪದರ ಒಮ್ಮೆ ಗಟ್ಟಿಯಾದರೆ ಬಿಡಿಸುವುದು ಕಷ್ಟ.

ಸ್ಟೀರಾಯ್ಡ್ ಡ್ರಾಪ್ಸ್ ಮೊದಮೊದಲು ಎಚ್ಚರ ಇರುವಾಗ ಒಂದೆರಡು ಗಂಟೆಗೊಮ್ಮೆ ಹಾಕಬೇಕಾಗಬಹುದು. ನಿಧಾನವಾಗಿ ಇಳಿಸುತ್ತಾ 2, 3 ತಿಂಗಳು ನಡೆಯುತ್ತದೆ, ಉರಿಯೂತದ ಕಣ್ಣಿಗೆ ಇನ್ನೂ ಹೆಚ್ಚು ದಿನ. ಆಂಟಿಬಯೋಟಿಕ್ ಡ್ರಾಪ್ಸ್ ಬೇಗ ನಿಲ್ಲುತ್ತದೆ. ಅಟ್ರೋಪಿನ್ ಕೊಟ್ಟರೆ ಹತ್ತಿರದ್ದು ಮಬ್ಬಾಗಿ ಕಾಣುತ್ತದೆ, ಬೆಳಕು ಚುಚ್ಚುತ್ತದೆ, ಅದು ಔಷಧಿಯ ಗುಣ. ಆಪರೇಷನ್ ಆದ ಕಣ್ಣಿಗೆ ಹಳೆಯ ಪ್ರೆಶರ್ ಡ್ರಾಪ್ಸ್ ಮುಂದುವರಿಸಬೇಕೋ ಬೇಡವೋ ಅಂತ ಬರೆಸಿಕೊಂಡೇ ಮನೆಗೆ ಬನ್ನಿ. ಇಲ್ಲಿ ಗೊಂದಲ ತುಂಬ ಆಗುತ್ತದೆ. ಇನ್ನೊಂದು ಕಣ್ಣಿನ ಡ್ರಾಪ್ಸ್ ಮಾತ್ರ ಮರೆಯಬೇಡಿ, ಅದು ಎಂದಿನಂತೆ ನಡೆಯಬೇಕು.

ಡ್ರಾಪ್ಸ್ ಹಾಕುವ ಕ್ರಮ ಹೀಗೆ. ಕೈ ತೊಳೆಯಿರಿ. ತಲೆ ಹಿಂದೆ ಬಾಗಿಸಿ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆಯಿರಿ. ಒಂದೇ ಹನಿ ಸಾಕು. ಬಾಟಲಿಯ ತುದಿ ಕಣ್ಣಿಗೆ, ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ. ಕಣ್ಣುಗುಡ್ಡೆಯನ್ನು ಒತ್ತಬೇಡಿ. ಎರಡು ಔಷಧಿಗಳ ನಡುವೆ 5 ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಮಲಗುವಾಗ ಕಣ್ಣಿಗೆ ಪ್ಲಾಸ್ಟಿಕ್ ಕವಚ ಹಾಕಿಕೊಳ್ಳಿ. ಉಜ್ಜಬೇಡಿ. ಭಾರ ಎತ್ತುವುದು, ತಲೆ ತಗ್ಗಿಸಿ ಮಾಡುವ ಕೆಲಸ, ಮಲಬದ್ಧತೆಯಲ್ಲಿ ತಿಣುಕುವುದು, ಇವನ್ನು ಡಾಕ್ಟರು ಸರಿ ಅನ್ನುವವರೆಗೆ ದೂರ ಇಡಿ. ಕಣ್ಣಿಗೆ ಕೊಳಾಯಿ ನೀರು ಬೀಳಬಾರದು. ಓದುವುದರಿಂದ, ಟಿವಿ ನೋಡುವುದರಿಂದ ತೊಂದರೆ ಇಲ್ಲ.

ಈ ಅವಧಿಯಲ್ಲಿ ಪ್ರೆಶರ್ ಏರಿಳಿಯುವುದು ಮಾಮೂಲು. 5ಕ್ಕಿಂತ ಕೆಳಗೆ ಹೋದರೆ ಕಣ್ಣು ಮೆತ್ತಗಾಗಿ ನೋಟ ಮಬ್ಬಾಗುತ್ತದೆ. ಉರಿಯೂತದವರಲ್ಲಿ ಇದು ಹೆಚ್ಚು, ಯಾಕೆಂದರೆ ನೀರು ಹುಟ್ಟುವುದೇ ಕಡಿಮೆ. ಇದಕ್ಕೆ ಹೆಚ್ಚು ಸಲ ಸ್ಟೀರಾಯ್ಡ್ ಜಾಸ್ತಿ ಮಾಡುವುದೇ ಮದ್ದು. ಅಹ್ಮದ್ ಟ್ಯೂಬ್ ಹಾಕಿದವರಲ್ಲಿ ಒಂದೆರಡು ತಿಂಗಳ ಹೊತ್ತಿಗೆ ಪ್ರೆಶರ್ ಮತ್ತೆ ಏರುವ ಕಾಲ ಬರುತ್ತದೆ. ತಟ್ಟೆಯ ಸುತ್ತ ಪದರ ಕಟ್ಟುವ ಹೊತ್ತದು. ಮತ್ತೆ ಡ್ರಾಪ್ಸ್ ಶುರು ಮಾಡುತ್ತಾರೆ. ಕೆಲವು ತಿಂಗಳಲ್ಲಿ ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ. ಆಪರೇಷನ್ ಸೋತಿತು ಅಂತ ಅಳುವ ಸಮಯ ಅದಲ್ಲ.

ಹೆಜ್ಜೆ 8: ಅದೇ ದಿನ ಓಡಬೇಕಾದ ಲಕ್ಷಣಗಳು

ನೋವು ಏರುತ್ತಾ ಹೋದರೆ. ದೃಷ್ಟಿ ಹಠಾತ್ ಕುಸಿದರೆ. ಕೆಂಪು ಹೆಚ್ಚಾದರೆ. ಕೀವು, ಪಿಚ್ಚು ಬಂದರೆ. ಕಣ್ಣಿನಿಂದ ಬಿಸಿನೀರಿನ ಹಾಗೆ ಒಂದೇ ಸಮ ಸೋರಿದರೆ. ಕಣ್ಣಿಗೆ ಪೆಟ್ಟು ಬಿದ್ದರೆ. ಕೊಳವೆ ಬಿಳಿ ಭಾಗದ ಮೇಲೆ ಹೊದಿಕೆಯಿಲ್ಲದೆ ಹೊರಗೆ ಕಂಡರೆ.

ಉರಿಯೂತದವರಿಗೆ ಇಲ್ಲೊಂದು ಬಲೆ ಇದೆ. ಕಣ್ಣು ಕೆಂಪಾಗುವುದು ಅವರಿಗೆ ಹೊಸದಲ್ಲ. "ಮತ್ತೆ ಬಂತು, ಮನೆಯಲ್ಲಿರುವ ಸ್ಟೀರಾಯ್ಡ್ ಹಾಕಿದರಾಯ್ತು" ಅಂದುಕೊಳ್ಳುತ್ತಾರೆ. ಆಪರೇಷನ್ ಆದ ಕಣ್ಣಿನಲ್ಲಿ ಆ ಕೆಂಪು ಬ್ಲೆಬ್‌ಗೆ ತಗುಲಿದ ಸೋಂಕೂ ಆಗಿರಬಹುದು. ಸೋಂಕು ಒಳಗೆ ಇಳಿದರೆ ಒಂದೆರಡು ದಿನದಲ್ಲಿ ಕಣ್ಣು ಹೋಗಬಹುದು. ಸೋಂಕಿನ ಮೇಲೆ ಬರೀ ಸ್ಟೀರಾಯ್ಡ್ ಹಾಕಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಆಪರೇಷನ್ ಆಗಿ 10 ವರ್ಷ ಆಗಿದ್ದರೂ ಈ ಮಾತು ಬದಲಾಗುವುದಿಲ್ಲ. ಮೊದಲು ತೋರಿಸಿ, ಆಮೇಲೆ ಡ್ರಾಪ್ಸ್.

ಹೆಜ್ಜೆ 9: ಮುಂದಿನ ವರ್ಷಗಳು

ಕಣ್ಣು ಸ್ಥಿರವಾದ ಮೇಲೂ ಕೆಲವು ತಿಂಗಳಿಗೊಮ್ಮೆ ಪ್ರೆಶರ್, ವರ್ಷಕ್ಕೆ ಒಂದೆರಡು ಸಲ ಫೀಲ್ಡ್ ಟೆಸ್ಟ್, ಸ್ಕ್ಯಾನ್ ಬೇಕು. ಬ್ಲೆಬ್ ಇರುವ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಬೇಡ. ಉರಿಯೂತದ ಮಾತ್ರೆಗಳನ್ನು "ಆಪರೇಷನ್ ಆಯಿತಲ್ಲ" ಅಂತ ಬಿಡುವವರಿದ್ದಾರೆ. ಹಾಗೆ ಬಿಟ್ಟಾಗ ಏಳುವ ಉರಿಯೂತ ಎರಡು ಕಡೆಯಿಂದ ಹೊಡೆಯುತ್ತದೆ. ನೀರು ಹುಟ್ಟುವುದು ಕಡಿಮೆಯಾಗಿ ಬ್ಲೆಬ್ ಒಣಗುತ್ತದೆ, ಅದೇ ಹೊತ್ತಿಗೆ ಪದರ ಕಟ್ಟಿ ಅದನ್ನು ಮುಚ್ಚುತ್ತದೆ. ಎಷ್ಟು ಕಷ್ಟಪಟ್ಟು ಮಾಡಿದ ದಾರಿ ಅದು!

ನೋಟ್‌ಬುಕ್ಕಿನ ಕೊನೆಯ ಪುಟವನ್ನು ಖಾಲಿ ಬಿಟ್ಟಿರುತ್ತೀರಿ. ಅಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಯಾವ ಕಣ್ಣು, ಯಾವ ಆಪರೇಷನ್, ಯಾವ ತಾರೀಖು, ಟ್ಯೂಬ್ ಆದರೆ ಅದರ ಹೆಸರು. ಉರಿಯೂತದ ಕಾರಣ. ಈಗ ನಡೆಯುತ್ತಿರುವ ಮಾತ್ರೆ, ಡ್ರಾಪ್ಸ್. ಅಲರ್ಜಿ. ಸ್ಟೀರಾಯ್ಡ್‌ನಿಂದ ಪ್ರೆಶರ್ ಏರುತ್ತದೋ ಇಲ್ಲವೋ. ನಿಮ್ಮ ಡಾಕ್ಟರ ಫೋನ್ ನಂಬರ್. ಅದರ ಫೋಟೋ ತೆಗೆದು ನಿಮ್ಮ ಮೊಬೈಲಿನಲ್ಲೂ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇಡಿ. ದೂರದ ಊರಲ್ಲಿ, ರಾತ್ರಿ ಹೊತ್ತಲ್ಲಿ ಕಣ್ಣು ಕೆಂಪಾದರೆ, ನಿಮ್ಮನ್ನು ಹಿಂದೆ ನೋಡಿರದ ಡಾಕ್ಟರ ಮುಂದೆ ಮೊದಲು ಆ ಪುಟ ಇಡಿ.